ಉಲುರು ಸಂಜೆಗೆ ಕೆಂಪಾಗುವುದೇಕೆ, ಅದನ್ನು ನೋಡಲು ಎಲ್ಲಿ ನಿಲ್ಲಬೇಕು?

ಆಸ್ಟ್ರೇಲಿಯಾದ ನಟ್ಟನಡುವೆ, ಕೆಂಪು ಮರಳಿನ ಬಯಲಿನಲ್ಲಿ ಒಂಟಿಯಾಗಿ ನಿಂತಿರುವ ಉಲುರು ಬಂಡೆಯನ್ನು 2019ರ ಅಕ್ಟೋಬರ್ 26ರಿಂದ ಯಾರೂ ಹತ್ತುವಂತಿಲ್ಲ. ಅದಕ್ಕೂ ಮೊದಲು ಸರಪಳಿ ಹಿಡಿದು ನೆತ್ತಿ ಮುಟ್ಟುವುದೇ ಎಷ್ಟೋ ಜನರ ಪ್ರವಾಸದ ಗುರಿಯಾಗಿತ್ತು. ಹತ್ತುವ ಹಾಗಿಲ್ಲ ಅಂದಮೇಲೆ ಅಷ್ಟು ದೂರ ಹೋಗಿ ನೋಡುವುದೇನು ಎಂದು ಈಗ ಜನ ಕೇಳುತ್ತಾರೆ. ಸಾಮಾನ್ಯವಾಗಿ ಸಿಗುವ ಉತ್ತರ: ಸೂರ್ಯಾಸ್ತ. ಆದರೆ ಸೂರ್ಯಾಸ್ತಕ್ಕೆಂದೇ ಹೋಗಿ, ‘ಫೋಟೋದಲ್ಲಿ ಕಂಡಷ್ಟು ಕೆಂಪಾಗಲೇ ಇಲ್ಲ’ ಎಂದು ವಾಪಸಾಗುವವರೂ ಇದ್ದಾರೆ. ತಪ್ಪು ಬದಿಯಲ್ಲಿ ನಿಂತಿರುತ್ತಾರೆ, ತಡವಾಗಿ ಬಂದಿರುತ್ತಾರೆ ಅಥವಾ ಸೂರ್ಯ ಮುಳುಗಿದ ಕೂಡಲೇ ಕಾರು ಹತ್ತಿರುತ್ತಾರೆ. ಬಂಡೆ ಬಣ್ಣ ಬದಲಿಸುವುದು ಏಕೆ ಎಂದು ಗೊತ್ತಾದರೆ ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

## ನೆಲದ ಮೇಲೆ ಕಾಣುವುದು ತುದಿ ಮಾತ್ರ

ಉಲುರು ಇರುವುದು ನಾರ್ದರ್ನ್ ಟೆರಿಟರಿ ಎಂಬ ಪ್ರಾಂತ್ಯದಲ್ಲಿ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ನೈಋತ್ಯಕ್ಕೆ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್ ದೂರ. ಸುತ್ತಲಿನ ಬಯಲಿನಿಂದ ಎತ್ತರ 348 ಮೀಟರ್, ಉದ್ದ 3.6 ಕಿಲೋಮೀಟರ್, ಅಗಲ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಬುಡದ ಸುತ್ತಳತೆ 9.4 ಕಿಲೋಮೀಟರ್. 1873ರಲ್ಲಿ ಇಲ್ಲಿಗೆ ಬಂದ ಸರ್ವೇಯರ್ ವಿಲಿಯಂ ಗಾಸ್, ದಕ್ಷಿಣ ಆಸ್ಟ್ರೇಲಿಯಾದ ರಾಜಕಾರಣಿ ಹೆನ್ರಿ ಏಯರ್ಸ್ ಅವರ ಗೌರವಕ್ಕೆ ಇದನ್ನು ‘ಏಯರ್ಸ್ ರಾಕ್’ ಎಂದು ಕರೆದ. ಈಗ ಬಳಕೆಯಲ್ಲಿರುವುದು ಮೂಲನಿವಾಸಿಗಳಾದ ಅನಂಗು ಜನರ ಹೆಸರೇ. ವಿಮಾನ ನಿಲ್ದಾಣಕ್ಕೆ ಹಳೆಯ ಹೆಸರು ಉಳಿದುಕೊಂಡಿದೆ. ಟಿಕೆಟ್ ಹುಡುಕುವಾಗ ‘ಏಯರ್ಸ್ ರಾಕ್’ ಎಂದೂ ಹುಡುಕಿ.

ಮರಳಿನ ಮೇಲೆ ಯಾರೋ ತಂದಿಟ್ಟ ದೊಡ್ಡ ಗುಂಡುಕಲ್ಲಿನಂತೆ ಇದು ಕಾಣುತ್ತದೆ, ಆದರೆ ಹಾಗಲ್ಲ. ಸುಮಾರು 55 ಕೋಟಿ ವರ್ಷಗಳ ಹಿಂದೆ ಈ ಭಾಗದಲ್ಲಿ ಎತ್ತರದ ಪರ್ವತಗಳಿದ್ದವು. ಆಗಿನ್ನೂ ನೆಲದ ಮೇಲೆ ಗಿಡಮರ ಹುಟ್ಟಿರಲಿಲ್ಲ. ಬೇರಿನ ಹಿಡಿತವಿಲ್ಲದ ಬೋಳು ಪರ್ವತಗಳಿಂದ ಮಳೆನೀರು ಮರಳನ್ನೂ ಕಲ್ಲನ್ನೂ ಕೊಚ್ಚಿ ತಂದು ತಪ್ಪಲಿನಲ್ಲಿ ಪದರ ಪದರವಾಗಿ ಹರಡಿತು. ಮುಂದೆ ಆ ಜಾಗವನ್ನು ಸಮುದ್ರ ಆವರಿಸಿತು. ಸಮುದ್ರದ ತಳದಲ್ಲಿ ಬಿದ್ದ ಹೂಳಿನ ಭಾರಕ್ಕೆ ಕೆಳಗಿನ ಮರಳು ಒತ್ತಿ ಗಟ್ಟಿಯಾಗಿ ಕಲ್ಲಾಯಿತು. ಸುಮಾರು 40 ಕೋಟಿ ವರ್ಷಗಳ ಹಿಂದೆ ಶುರುವಾದ ಇನ್ನೊಂದು ಭೂಚಲನೆಯಲ್ಲಿ ಈ ಪದರಗಳು ಮಡಚಿ ಮೇಲೆದ್ದವು. ಮೇಜಿನ ಮೇಲೆ ಒಂದರ ಮೇಲೊಂದು ಮಲಗಿಸಿದ ಪುಸ್ತಕಗಳ ರಾಶಿಯನ್ನು ಹಾಗೆಯೇ ಎತ್ತಿ ಬೆನ್ನು ಮೇಲಾಗಿ ನಿಲ್ಲಿಸಿದರೆ ಹೇಗಿರುತ್ತದೋ ಉಲುರುವಿನ ಪದರಗಳು ಈಗ ಹಾಗಿವೆ: ಹೆಚ್ಚುಕಡಿಮೆ ನೆಟ್ಟಗೆ, ಸುಮಾರು 85 ಡಿಗ್ರಿ ಓರೆಯಲ್ಲಿ. ಸುತ್ತಲಿನ ಮೆದು ಕಲ್ಲು ಸವೆದುಹೋಗಿ ಗಟ್ಟಿ ಭಾಗ ಮಾತ್ರ ನಿಂತಿತು. ನೆಲದ ಕೆಳಗೂ ಅದೇ ಪದರಗಳು ಕಿಲೋಮೀಟರುಗಟ್ಟಲೆ ಇಳಿದಿವೆ.

ಬಂಡೆಯ ಮೈಮೇಲೆ ಉದ್ದುದ್ದಕ್ಕೆ ಕಾಣುವ ಏಣುಗಳೂ ತೋಡುಗಳೂ ಈ ಪದರಗಳ ಅಂಚುಗಳೇ. ನಡುಮಧ್ಯಾಹ್ನದಲ್ಲಿ ಇವು ಕಣ್ಣಿಗೆ ಬೀಳುವುದು ಕಷ್ಟ. ಬಿಸಿಲು ಓರೆಯಾದಾಗ ಪ್ರತಿ ಏಣಿನ ಪಕ್ಕದಲ್ಲೂ ಒಂದೊಂದು ನೆರಳಿನ ಗೆರೆ ಮೂಡುತ್ತದೆ.

## ಬಣ್ಣ ಕೊಟ್ಟದ್ದು ತುಕ್ಕು

ಈ ಕಲ್ಲಿಗೆ ಭೂವಿಜ್ಞಾನದಲ್ಲಿ ಆರ್ಕೋಸ್ ಎನ್ನುತ್ತಾರೆ. ಇದು ಫೆಲ್ಡ್‌ಸ್ಪಾರ್ ಎಂಬ ಖನಿಜ ಹೇರಳವಾಗಿರುವ ಒರಟು ಮರಳುಗಲ್ಲು. ನೀರು, ಗಾಳಿ ತಾಗುತ್ತಿದ್ದರೆ ಫೆಲ್ಡ್‌ಸ್ಪಾರ್ ಬೇಗ ಕೊಳೆತು ಜೇಡಿಮಣ್ಣಾಗುತ್ತದೆ. ಇಲ್ಲಿ ಅದು ಉಳಿದಿದೆ ಎಂದರೆ ಮರಳು ಪರ್ವತದಿಂದ ಬಹಳ ದೂರ ಹರಿದು ಬಂದಿಲ್ಲ, ಬೇಗನೇ ಹೂತುಹೋಗಿದೆ ಎಂದರ್ಥ.

ವಿಚಿತ್ರವೆಂದರೆ ಒಡೆದು ನೋಡಿದರೆ ಆರ್ಕೋಸ್ ಕೆಂಪಲ್ಲ, ಬೂದು. ಕಲ್ಲಿನೊಳಗೆ ಕಬ್ಬಿಣದ ಅಂಶವಿರುವ ಖನಿಜಗಳಿವೆ. ಹೊರಮೈಗೆ ಗಾಳಿ, ತೇವ ತಾಗಿದಾಗ ಆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಣ್ಣಿಗೆ ಬೀಳುವ ಕೆಂಪು ಈ ತುಕ್ಕಿನ ತೆಳು ಹೊದಿಕೆ. ಬುಡದ ಗುಹೆಗಳಲ್ಲಿ, ಹೊಸದಾಗಿ ಚಕ್ಕೆ ಎದ್ದ ಜಾಗಗಳಲ್ಲಿ ಒಳಗಿನ ಬೂದು ಬಣ್ಣ ಸ್ಪಷ್ಟವಾಗಿ ಕಾಣಿಸುತ್ತದೆ.

ಸೂರ್ಯಾಸ್ತದ ಮಟ್ಟಿಗೆ ತುಕ್ಕಿನ ಗುಣವೊಂದು ಮುಖ್ಯ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿ, ಹಸಿರು ಭಾಗವನ್ನು ಅದು ಹೆಚ್ಚಾಗಿ ಹೀರಿಕೊಂಡು ಕೆಂಪು, ಕಿತ್ತಳೆ ಭಾಗವನ್ನು ವಾಪಸು ಕಳಿಸುತ್ತದೆ. ಮಧ್ಯಾಹ್ನದ ಬಿಳಿ ಬಿಸಿಲು ಬಿದ್ದರೆ ಅದು ಕಂದು ಬೆರೆತ ಮಾಸಲು ಬಣ್ಣ. ಬೀಳುವ ಬೆಳಕೇ ಕೆಂಪಾಗಿದ್ದರೆ?

## ಸಂಜೆಯ ಬಿಸಿಲಿನಿಂದ ಕಳೆದುಹೋಗುವುದು ನೀಲಿ

ಸಂಜೆಯ ಸೂರ್ಯ ಬೆಳಕಿಗೆ ಕೆಂಪನ್ನು ಸೇರಿಸುವುದಿಲ್ಲ. ಬೆಳಕು ನಮ್ಮನ್ನು ಮುಟ್ಟುವ ಮೊದಲೇ ನೀಲಿ ದಾರಿಯಲ್ಲಿ ಚದುರಿ ಹೋಗಿರುತ್ತದೆ. ಗಾಳಿಯ ಅಣುಗಳು ಕಡಿಮೆ ತರಂಗಾಂತರದ ಬೆಳಕನ್ನು ಹೆಚ್ಚು ಚದುರಿಸುತ್ತವೆ. 450 ನ್ಯಾನೋಮೀಟರಿನ ನೀಲಿ ಬೆಳಕು 650 ನ್ಯಾನೋಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಹಗಲು ಆಕಾಶ ನೀಲಿಯಾಗಿರುವುದಕ್ಕೂ ಇದೇ ಕಾರಣ.

ಇದರ ಜೊತೆ ಬೆಳಕು ಎಷ್ಟು ಗಾಳಿಯನ್ನು ದಾಟಿ ಬರುತ್ತದೆ ಎಂಬುದೂ ಸೇರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ದಾಟಬೇಕಾದ ಗಾಳಿಯನ್ನು ಒಂದು ಎಂದು ಇಟ್ಟುಕೊಳ್ಳಿ. ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಅದು ಎರಡು ಪಟ್ಟು. 10 ಡಿಗ್ರಿಗೆ ಐದೂವರೆ, 5 ಡಿಗ್ರಿಗೆ ಹತ್ತು, 1 ಡಿಗ್ರಿಗೆ ಸುಮಾರು 26, ದಿಗಂತಕ್ಕೆ ಮುಟ್ಟಿದಾಗ 38 ಪಟ್ಟು. ಏರಿಕೆಯ ದೊಡ್ಡ ಭಾಗ ಕೊನೆಯ ಐದು ಡಿಗ್ರಿಯಲ್ಲೇ ಆಗಿಬಿಡುತ್ತದೆ ಎಂಬುದನ್ನು ಗಮನಿಸಿ. ಗಾಳಿ ಶುಭ್ರವಾಗಿದ್ದರೂ, ಸೂರ್ಯ 5 ಡಿಗ್ರಿಯಲ್ಲಿದ್ದಾಗ ನೇರ ಬಿಸಿಲಿನ ನೀಲಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ನೆಲ ತಲುಪುತ್ತದೆ. ಕೆಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ತಲುಪುತ್ತದೆ. 1 ಡಿಗ್ರಿಯ ಹೊತ್ತಿಗೆ ನೀಲಿ ಬಹುಪಾಲು ಮುಗಿದೇ ಹೋಗಿರುತ್ತದೆ.

ಹೀಗೆ ಕೆಂಪೊಂದೇ ಉಳಿದ ಬಿಸಿಲು, ಕೆಂಪನ್ನೇ ವಾಪಸು ಕಳಿಸುವ ತುಕ್ಕಿನ ಮೇಲೆ ಬೀಳುತ್ತದೆ. ಬಿಳಿ ಸುಣ್ಣದಕಲ್ಲಿನ ಬೆಟ್ಟವೂ ಸಂಜೆಗೆ ಗುಲಾಬಿಯಾಗುತ್ತದೆ, ಆದರೆ ಉಲುರುವಿನಂತೆ ಕೆಂಡವಾಗುವುದಿಲ್ಲ. ಹತ್ತಿರದಲ್ಲಿ ಗುಡ್ಡವಿಲ್ಲದ್ದರಿಂದ ದಿಗಂತದವರೆಗಿನ ಬಿಸಿಲು ಬಹುಮಟ್ಟಿಗೆ ಅಡ್ಡಿಯಿಲ್ಲದೆ ಬಂದು ಬೀಳುವುದೂ ಇಲ್ಲಿನ ಅನುಕೂಲ.

## ಒಂದೂವರೆ ಗಂಟೆಯಲ್ಲಿ ಏನೇನಾಗುತ್ತದೆ

ಇಲ್ಲಿ ಸೂರ್ಯ ಒಂದು ಡಿಗ್ರಿ ಇಳಿಯಲು ಸುಮಾರು ನಾಲ್ಕೂವರೆ ನಿಮಿಷ ಬೇಕು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತ ಮತ್ತು ಸೂರ್ಯನ ನಡುವೆ ಒಂದು ಮುಷ್ಟಿ ಹಿಡಿಸಿದರೆ ಇನ್ನೂ ಮುಕ್ಕಾಲು ಗಂಟೆ ಇದೆ ಎಂದು ಲೆಕ್ಕ. (ಅಳೆಯುವಾಗ ಸೂರ್ಯನನ್ನೇ ದಿಟ್ಟಿಸಬೇಡಿ.)

ಆ ಮುಕ್ಕಾಲು ಗಂಟೆ ಮೊದಲಿಗೆ ಬಂಡೆ ಓಕರ್ (ಹಳದಿ ಬೆರೆತ ಕಂದು) ಬಣ್ಣದಲ್ಲಿರುತ್ತದೆ, ನೆರಳಿನ ಗೆರೆಗಳು ಎದ್ದು ಕಾಣತೊಡಗುತ್ತವೆ. ಬಹಳ ಹೊತ್ತು ಏನೂ ಆಗುತ್ತಿಲ್ಲ ಅನ್ನಿಸುವುದು ಸಹಜ. ಕೊನೆಯ 20 ನಿಮಿಷದಲ್ಲಿ ಕಿತ್ತಳೆ, ಕೊನೆಯ ಐದಾರು ನಿಮಿಷದಲ್ಲಿ ಗಾಢ ಕೆಂಪು.

ಆಮೇಲಿನದು ಬಹಳ ಜನರ ಕಣ್ಣುತಪ್ಪಿಸುವ ಭಾಗ. ನಿಮ್ಮ ಬೆನ್ನ ಹಿಂದೆ ಸೂರ್ಯ ಮುಳುಗಿದರೂ ಬಂಡೆಯ ನೆತ್ತಿಗೆ ಇನ್ನೂ ಬಿಸಿಲು ಇರುತ್ತದೆ. 348 ಮೀಟರ್ ಎತ್ತರದಿಂದ ನೋಡಿದರೆ ದಿಗಂತ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಕೆಳಗಿರುತ್ತದೆ. ಅಷ್ಟು ಇಳಿಯಲು ಸೂರ್ಯನಿಗೆ ಎರಡರಿಂದ ಮೂರು ನಿಮಿಷ ಬೇಕು. ಆ ಹೊತ್ತಿನಲ್ಲಿ ನೆರಳಿನ ಅಂಚು ಬುಡದಿಂದ ನೆತ್ತಿಗೆ ಏರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಅಂಚು ಮೇಲೆ ಮುಟ್ಟಿದಾಗ ಬಣ್ಣ ಥಟ್ಟನೆ ಆರಿ ಬಂಡೆ ಕಂದು-ನೇರಳೆಗೆ ತಿರುಗುತ್ತದೆ. ಕಾರುಗಳು ಹೊರಡುವುದು ಆಗಲೇ.

ಹತ್ತು ನಿಮಿಷ ಕಾಯಿರಿ. ಪೂರ್ವದ ದಿಗಂತದಲ್ಲಿ, ಅಂದರೆ ಬಂಡೆಯ ಹಿಂದೆ, ಬೂದು-ನೀಲಿ ಪಟ್ಟಿಯೊಂದು ಮೇಲೇಳುತ್ತದೆ. ಅದು ವಾತಾವರಣದ ಮೇಲೆ ಬಿದ್ದ ಭೂಮಿಯದೇ ನೆರಳು. ಅದರ ಮೇಲಂಚಿಗೆ ಗುಲಾಬಿ ಪಟ್ಟಿ ಇರುತ್ತದೆ. ಅಲ್ಲಿನ ಗಾಳಿಗೆ ಇನ್ನೂ ಕೆಂಪು ಬಿಸಿಲು ತಾಗುತ್ತಿದೆ. ಇದೇ ಹೊತ್ತಿಗೆ ಪಶ್ಚಿಮದ ಆಕಾಶದ ಕೆಂಪು ಬಂಡೆಯ ಮೇಲೆ ಬಿದ್ದು, ನೆರಳಿಲ್ಲದ ಮೆತ್ತನೆಯ ಎರಡನೇ ಕೆಂಪು ಬರಬಹುದು. ಪ್ರತಿದಿನ ಬರುತ್ತದೆ ಎನ್ನುವಂತಿಲ್ಲ, ಬಂದರೆ ಮೊದಲಿನದಕ್ಕಿಂತ ಇದೇ ಚೆಂದ. ಸೂರ್ಯ ಮುಳುಗಿದ 23–25 ನಿಮಿಷಕ್ಕೆ ಸಂಜೆಬೆಳಕು ಕರಗಿ ಬಂಡೆ ಕಪ್ಪು ಆಕಾರವಷ್ಟೇ ಆಗುತ್ತದೆ. ಕನಿಷ್ಠ ಅಲ್ಲಿಯವರೆಗೆ ನಿಲ್ಲಬೇಕು.

## ಎಲ್ಲಿ ನಿಲ್ಲುವುದು

ಸೂರ್ಯ ಬೆನ್ನಿಗಿರಬೇಕು, ಬಂಡೆ ಎದುರಿಗಿರಬೇಕು. ಸೂರ್ಯನನ್ನು ನೋಡುತ್ತ ನಿಂತರೆ ಬಂಡೆ ಕರಿ ನೆರಳಾಗಿ ಕಾಣುತ್ತದೆ.

ಸ್ವಂತ ಅಥವಾ ಬಾಡಿಗೆ ಕಾರಿನವರಿಗೆ ‘ಕಾರ್ ಸನ್‌ಸೆಟ್’ ಎಂಬ ಪಾರ್ಕಿಂಗ್ ಜಾಗವಿದೆ. ಅದು ಬಂಡೆಗೆ ಪಶ್ಚಿಮ-ವಾಯವ್ಯ ದಿಕ್ಕಿನಲ್ಲಿ, ನಾಲ್ಕೈದು ಕಿಲೋಮೀಟರ್ ದೂರದಲ್ಲಿದೆ. ಟೂರ್ ಬಸ್ಸುಗಳಿಗೆ ಬೇರೆಯದೇ ‘ಕೋಚ್ ಸನ್‌ಸೆಟ್’ ಜಾಗವಿದೆ. ಕಾರಿನವರು ಅಲ್ಲಿ ನಿಲ್ಲಿಸುವಂತಿಲ್ಲ.

ಯಾವ ತಿಂಗಳಿನಲ್ಲಿ ಹೋಗುತ್ತೀರಿ ಎಂಬುದಕ್ಕೆ ತಕ್ಕಂತೆ ಒಂದೇ ಜಾಗದ ನೋಟ ಬೇರೆಯಾಗುತ್ತದೆ. ಜೂನ್‌ನಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ಸೂರ್ಯ ಮುಳುಗುವುದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 26 ಡಿಗ್ರಿ ಸರಿದು. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದು. ಕಾರ್ ಸನ್‌ಸೆಟ್‌ನಲ್ಲಿ ನಿಂತವರಿಗೆ ಜೂನ್‌ನಲ್ಲಿ ಸೂರ್ಯ ನೆಟ್ಟಗೆ ಬೆನ್ನಿಗೆ ಬರುತ್ತಾನೆ: ಬಂಡೆಯ ಮುಖವೆಲ್ಲ ಒಂದೇ ಸಮ ಕೆಂಪು, ನೆರಳು ಕಡಿಮೆ. ಡಿಸೆಂಬರಿನಲ್ಲಿ ಬೆಳಕು ಬಲ ಹೆಗಲಿನ ಕಡೆಯಿಂದ ಓರೆಯಾಗಿ ಬರುತ್ತದೆ: ಕೆಂಪು ಅಲ್ಲಲ್ಲಿ ಒಡೆದು ಏಣು-ತೋಡುಗಳು ಆಳವಾಗಿ ಕಾಣುತ್ತವೆ. ಅಚ್ಚ ಕೆಂಪು ಬೇಕಾದವರಿಗೆ ಚಳಿಗಾಲ, ಬಂಡೆಯ ಮೈಕಟ್ಟು ನೋಡಬೇಕಾದವರಿಗೆ ಬೇಸಿಗೆ.

‘ತಾಲಿಂಗುರು ನ್ಯಾಕುನ್ಯಾಟ್ಜಕು’ ಎಂಬ ಇನ್ನೊಂದು ವೀಕ್ಷಣಾ ತಾಣ ನಕ್ಷೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಅದು ಸೂರ್ಯೋದಯಕ್ಕೆಂದು ಮಾಡಿದ್ದು. ಸಂಜೆ ಅಲ್ಲಿ ಹೋದರೆ ಬಂಡೆಯ ನೆರಳು ಬದಿ ಸಿಗುತ್ತದೆ. ಬಂಡೆಯ ಪಕ್ಕದಲ್ಲೇ ನಿಂತು ಕೆಂಪನ್ನು ನೋಡಬೇಕೆನ್ನುವವರು ಪಶ್ಚಿಮ ಬದಿಯ ಮಾಲಾ ದಾರಿ ಹಿಡಿದು ಕಾಂಜು ಕಮರಿಗೆ ಹೋಗಬಹುದು. ಹೋಗಿಬರಲು 2 ಕಿಲೋಮೀಟರ್, ಸಮತಟ್ಟು ದಾರಿ. ಇಳಿಬಿಸಿಲು ಕಮರಿಯ ಗೋಡೆಗೆ ನೇರ ಬೀಳುತ್ತದೆ, ಜನವೂ ಕಡಿಮೆ. ಇಡೀ ಬಂಡೆಯ ಆಕಾರ ಮಾತ್ರ ಅಲ್ಲಿಂದ ಕಾಣದು.

ಎರಡನೇ ಸಂಜೆ ಸಿಕ್ಕರೆ ಅದನ್ನು ಕಾಟಾ ಚುಟಾಗೆ ಕೊಡಿ. ಉಲುರುವಿನಿಂದ ಸುಮಾರು 30 ಕಿಲೋಮೀಟರ್ ಪಶ್ಚಿಮಕ್ಕಿರುವ 36 ಗುಮ್ಮಟಗಳ ಗುಂಪು ಅದು, ಅತಿ ಎತ್ತರದ್ದು ಬಯಲಿನಿಂದ 546 ಮೀಟರ್. ಅಲ್ಲಿನ ಕಲ್ಲು ಬರೀ ಮರಳಿನದಲ್ಲ. ಗುಂಡುಕಲ್ಲು, ಸಣ್ಣ ಕಲ್ಲು, ಮರಳು ಎಲ್ಲ ಸೇರಿ ಗಟ್ಟಿಯಾದದ್ದು.

## ಗಡಿಯಾರ, ಪಾಸು, ಗೇಟು

ಉಳಿದುಕೊಳ್ಳುವ ಜಾಗ ಯುಲಾರಾ ಎಂಬ ಪ್ರವಾಸಿ ಊರು. ಉಲುರು ಇರುವ ರಾಷ್ಟ್ರೀಯ ಉದ್ಯಾನದ (ಪಾರ್ಕಿನ) ಒಳಗೆ ಟೆಂಟ್ ಹಾಕುವಂತಿಲ್ಲ. ಯುಲಾರಾದಿಂದ ಉಲುರುವಿಗೆ 20 ಕಿಲೋಮೀಟರ್ ಆಸುಪಾಸು. ಪಾರ್ಕಿನ ಪಾಸ್ ಮೂರು ದಿನಕ್ಕೆ, ವಯಸ್ಕರಿಗೆ 38 ಆಸ್ಟ್ರೇಲಿಯನ್ ಡಾಲರ್. ದರ ಆಗಾಗ ಬದಲಾಗುವುದರಿಂದ ಪಾರ್ಕಿನ ಜಾಲತಾಣದಲ್ಲಿ ನೋಡಿಕೊಂಡು ಅಲ್ಲೇ ಮೊದಲೇ ಕೊಂಡರೆ ಒಳ್ಳೆಯದು. ಸಂಜೆ ಗೇಟಿನಲ್ಲಿ ಸಾಲು ನಿಂತು ಕೆಂಪು ಕಳೆದುಕೊಳ್ಳುವುದು ತಪ್ಪುತ್ತದೆ.

ಸೂರ್ಯಾಸ್ತ ಜೂನ್‌ನಲ್ಲಿ ಸಂಜೆ 6ರ ಸುಮಾರಿಗೆ, ಡಿಸೆಂಬರಿನಲ್ಲಿ 7.35ರ ಸುಮಾರಿಗೆ. ಪಾರ್ಕ್ ಮುಚ್ಚುವ ಹೊತ್ತೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ: ಜೂನ್‌ನಲ್ಲಿ 7.30, ಡಿಸೆಂಬರಿನಲ್ಲಿ 9. ಸಂಜೆಬೆಳಕು ಪೂರ್ತಿ ನೋಡಿಯೂ ಹೊರಬರಲು ಸಮಯ ಸಾಕಾಗುತ್ತದೆ, ಗಡಿಬಿಡಿ ಬೇಡ. ಒಂದು ಗಂಟೆ ಮೊದಲೇ ಪಾರ್ಕಿಂಗ್ ಸೇರಿಕೊಳ್ಳಿ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಜನ ಹೆಚ್ಚು; ರಸ್ತೆ ಬದಿಯ ಒಳ್ಳೆಯ ಜಾಗಗಳು ಬೇಗ ತುಂಬುತ್ತವೆ.

ಗಡಿಯಾರದಲ್ಲಿ ಒಂದು ಬಲೆ ಇದೆ. ನಾರ್ದರ್ನ್ ಟೆರಿಟರಿಯಲ್ಲಿ ಬೇಸಿಗೆಯ ಸಮಯ ಬದಲಾವಣೆ ಇಲ್ಲ, ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಇದೆ. ಹಾಗಾಗಿ ಅಕ್ಟೋಬರಿನಿಂದ ಏಪ್ರಿಲ್ ಮೊದಲವರೆಗೆ ಸಿಡ್ನಿಗಿಂತ ಇಲ್ಲಿ ಒಂದೂವರೆ ಗಂಟೆ ಹಿಂದೆ, ಉಳಿದ ತಿಂಗಳಲ್ಲಿ ಅರ್ಧ ಗಂಟೆ ಹಿಂದೆ. ಸಿಡ್ನಿಯ ಹೊತ್ತಿನಲ್ಲೇ ಇರುವ ಕೈಗಡಿಯಾರವನ್ನು ನಂಬಿ ಯೋಜನೆ ಹಾಕಬೇಡಿ.

## ಮೋಡ, ದೂಳು, ಮಳೆ

ಮೋಡ ಇದ್ದರೆ ಕೆಟ್ಟಿತು ಎಂದೇನೂ ಇಲ್ಲ. ತಲೆಯ ಮೇಲೆ ತೆಳು, ಎತ್ತರದ ಮೋಡವಿದ್ದರೆ ಅದೂ ಕೆಂಪಾಗಿ ಬಂಡೆಗೆ ಇನ್ನಷ್ಟು ಬೆಳಕು ಕೊಡುತ್ತದೆ. ಕೆಡಿಸುವುದು ಪಶ್ಚಿಮ ದಿಗಂತದಲ್ಲಿ ಕೂತ ದಟ್ಟ ಮೋಡ. ಕೊನೆಯ ಐದು ಡಿಗ್ರಿಯ ಬಿಸಿಲನ್ನೇ ಅದು ಮುಚ್ಚಿಬಿಡುತ್ತದೆ, ನೆತ್ತಿಯ ಮೇಲೆ ಆಕಾಶ ತಿಳಿಯಾಗಿದ್ದರೂ ಪ್ರಯೋಜನವಿಲ್ಲ. ಹೊರಡುವ ಮುಂಚೆ ಪಶ್ಚಿಮಕ್ಕೆ ನೋಡಿ, ಬಂಡೆಯ ಕಡೆಗಲ್ಲ.

ದೂಳು ಹೆಚ್ಚಿದ್ದರೆ ಬಣ್ಣ ಹೆಚ್ಚುತ್ತದೆ ಎಂಬ ಮಾತು ಅರ್ಧ ಸತ್ಯ. ದೊಡ್ಡ ದೂಳಿನ ಕಣಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸಿ ಬಿಸಿಲನ್ನು ಮಂಕು ಮಾಡುತ್ತವೆ. ಮಳೆ ಬಂದು ಗಾಳಿ ತೊಳೆದ ಮರುದಿನದ ಸಂಜೆಯೇ ಹೆಚ್ಚು ಸ್ವಚ್ಛವಾದ ಕೆಂಪು ಕೊಡುತ್ತದೆ. ಮಳೆ ಸುರಿಯುವಾಗಲೇ ಅಲ್ಲಿದ್ದರೆ ಬೇರೆಯದೇ ನೋಟ: ನೆನೆದ ಬಂಡೆ ಕಪ್ಪು-ಬೆಳ್ಳಿ ಬಣ್ಣಕ್ಕೆ ತಿರುಗಿ, ತೋಡುಗಳಲ್ಲೆಲ್ಲ ಜಲಪಾತ ಇಳಿಯುತ್ತವೆ.

## ಫೋಟೋದಲ್ಲಿ ಕೆಂಪು ಕಾಣೆಯಾಗುವುದು

ಮೊಬೈಲಾಗಲಿ ಕ್ಯಾಮೆರಾ ಆಗಲಿ, ತಾನಾಗಿ ಬಣ್ಣ ಹೊಂದಿಸುವ ವ್ಯವಸ್ಥೆಯಲ್ಲಿ ಚಿತ್ರದಲ್ಲಿ ಕೆಂಪು ಅತಿಯಾಯಿತು ಎಂದು ತಿಳಿದು ಅದನ್ನು ತಗ್ಗಿಸುತ್ತದೆ. ವೈಟ್ ಬ್ಯಾಲೆನ್ಸ್ ಅನ್ನು ‘ಆಟೋ’ದಿಂದ ‘ಡೇಲೈಟ್’ಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ ಬದಲಿಸಿ ಹಾಗೆಯೇ ಬಿಡಿ. ಮೊದಲಿಂದ ಕೊನೆಯವರೆಗೆ ಒಂದೇ ಸೆಟ್ಟಿಂಗ್ ಇದ್ದರೆ ಮಾತ್ರ ಬಣ್ಣ ಬದಲಾದದ್ದು ಚಿತ್ರಗಳಲ್ಲಿ ದಾಖಲಾಗುತ್ತದೆ. ಕೆಂಪು ತೀರ ಹೆಚ್ಚಿದಾಗ ಬಂಡೆಯ ಮೈ ಬರೀ ಬಣ್ಣದ ತೇಪೆಯಾಗಿ ವಿವರ ಅಳಿಸಿಹೋಗುತ್ತದೆ. ಎಕ್ಸ್‌ಪೋಶರ್ (ಕ್ಯಾಮೆರಾ ಪಡೆಯುವ ಬೆಳಕಿನ ಪ್ರಮಾಣ) ಅರ್ಧದಿಂದ ಒಂದು ಸ್ಟಾಪ್ ಇಳಿಸಿದರೆ ಸರಿಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಟ್ರೈಪಾಡ್ ಬೇಕು. ಡ್ರೋನ್ ಹಾರಿಸುವಂತಿಲ್ಲ.

## ಹತ್ತಬಾರದು ಎಂದದ್ದು ಏಕೆ

ಅನಂಗು ಜನರಿಗೆ ಉಲುರು ನೋಟದ ವಸ್ತುವಲ್ಲ. ಅವರ ಬದುಕಿನ ಕಟ್ಟಳೆ, ಸೃಷ್ಟಿಯ ಕಥೆ, ನೆಲದ ಜೊತೆಗಿನ ನಂಟು ಎಲ್ಲ ಸೇರಿದ ‘ಚುಕುರ್ಪಾ’ ಈ ಬಂಡೆಯ ಒಂದೊಂದು ಬಿರುಕಿಗೂ ಗುಹೆಗೂ ಅಂಟಿಕೊಂಡಿದೆ. 1985ರ ಅಕ್ಟೋಬರ್ 26ರಂದು ಸರ್ಕಾರ ಈ ಭೂಮಿಯ ಒಡೆತನವನ್ನು ಅವರಿಗೆ ಮರಳಿಸಿತು. ಅವರು ಅದನ್ನು 99 ವರ್ಷಕ್ಕೆ ರಾಷ್ಟ್ರೀಯ ಉದ್ಯಾನಕ್ಕಾಗಿ ಗುತ್ತಿಗೆಗೆ ಕೊಟ್ಟು ಜೊತೆಯಾಗಿ ನಿರ್ವಹಿಸುತ್ತಿದ್ದಾರೆ. ಹತ್ತಬೇಡಿ ಎಂದು ಅವರು ದಶಕಗಳಿಂದ ಕೇಳಿಕೊಳ್ಳುತ್ತಿದ್ದರು. ಹತ್ತುವಾಗ 37 ಜನ ಸತ್ತಿದ್ದಾರೆ. ಅನಂಗು ಸದಸ್ಯರೇ ಬಹುಮತದಲ್ಲಿರುವ ಪಾರ್ಕಿನ ಮಂಡಳಿ 2017ರಲ್ಲಿ ನಿಷೇಧವನ್ನು ತೀರ್ಮಾನಿಸಿತು. ಜಾರಿಗೆ ಬಂದ ದಿನ, ಭೂಮಿ ಮರಳಿದ 34ನೇ ವರ್ಷದ ದಿನವೇ.

ಫೋಟೋ ವಿಷಯದಲ್ಲೂ ಇದೇ ಕಾರಣಕ್ಕೆ ಮಿತಿ ಇದೆ. ಸೂರ್ಯಾಸ್ತದ ಜಾಗದಿಂದ ತೆಗೆಯಲು ಅಡ್ಡಿಯಿಲ್ಲ. ಬುಡದ ಸುತ್ತಿನ 10.6 ಕಿಲೋಮೀಟರ್ ದಾರಿಯಲ್ಲಿ ನಡೆಯುವಾಗ ಕೆಲವು ಕಡೆ ಪವಿತ್ರ ಸ್ಥಳದ ಫಲಕಗಳಿರುತ್ತವೆ, ಅಲ್ಲಿ ಕ್ಯಾಮೆರಾ ಒಳಗಿಡಬೇಕು. ಗಂಡಸರಷ್ಟೇ ಅಥವಾ ಹೆಂಗಸರಷ್ಟೇ ಹೋಗಬಹುದಾದ, ಇನ್ನೊಬ್ಬರು ಚಿತ್ರದಲ್ಲೂ ನೋಡಬಾರದ ಜಾಗಗಳು ಅವು. ಕಲ್ಲು, ಮರಳು ಜೇಬಿಗೆ ಹಾಕಿಕೊಳ್ಳಬೇಡಿ. ಹಾಗೆ ಒಯ್ದವರು ಆಮೇಲೆ ಕ್ಷಮೆ ಪತ್ರದ ಜೊತೆ ಅಂಚೆಯಲ್ಲಿ ವಾಪಸು ಕಳಿಸುವುದು ಎಷ್ಟಾಗಿದೆ ಎಂದರೆ ಅವಕ್ಕೆ ‘ಸಾರಿ ರಾಕ್ಸ್’ ಎಂಬ ಹೆಸರೇ ಬಿದ್ದಿದೆ.

## ಜೊತೆಗೆ ಏನಿರಬೇಕು, ವಾಪಸು ಹೇಗೆ

ಬೇಸಿಗೆಯಲ್ಲಿ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಡೆಯುವುದಿದ್ದರೆ ಬೆಳಗಿನ ಹೊತ್ತಿಗೇ ಮುಗಿಸಿ. ಗಂಟೆಗೆ ತಲೆಗೊಂದು ಲೀಟರ್ ನೀರು ಲೆಕ್ಕ. ಚಳಿಗಾಲದಲ್ಲಿ ಹಗಲು ಹಿತವಾಗಿದ್ದರೂ ಸೂರ್ಯ ಮುಳುಗಿದ ತಕ್ಷಣ ಚಳಿ ಏರುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯಬಹುದು. ಒಣ ಗಾಳಿ, ಬಯಲು ಮರಳು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಎರಡನೇ ಕೆಂಪಿಗೆ ಕಾಯುವವರ ಬಳಿ ಜಾಕೆಟ್ ಇಲ್ಲದಿದ್ದರೆ ಕಾಯಲು ಮನಸ್ಸೇ ಬರುವುದಿಲ್ಲ. ಬಿಸಿ ತಿಂಗಳುಗಳಲ್ಲಿ ನೊಣದ ಕಾಟ ವಿಪರೀತ. ತಲೆಗೆ ಹಾಕುವ ಬಲೆ ಯುಲಾರಾದಲ್ಲಿ ಸಿಗುತ್ತದೆ. ಹಾಕಿಕೊಂಡರೆ ನಗೆಪಾಟಲು ಅನ್ನಿಸಬಹುದು, ಐದು ನಿಮಿಷದಲ್ಲಿ ಆ ಸಂಕೋಚ ಹೋಗುತ್ತದೆ.

ವಾಪಸಾಗುವ ಹೊತ್ತು ಕಾಂಗರೂ ರಸ್ತೆಗೆ ಬರುವ ಹೊತ್ತೂ ಹೌದು. ಈ ಭಾಗದಲ್ಲಿ ಕಾಡುಬಿದ್ದ ಒಂಟೆಗಳೂ ಇವೆ. ವೇಗ ಇಳಿಸಿ, ಪ್ರಾಣಿ ಎದುರಾದರೆ ಸ್ಟಿಯರಿಂಗ್ ಎಳೆಯದೆ ನೇರ ಬ್ರೇಕ್ ಹಾಕಿ. ಅನೇಕ ಬಾಡಿಗೆ ಕಾರುಗಳ ಕರಾರಿನಲ್ಲಿ ಕತ್ತಲಾದ ಮೇಲೆ ಪಟ್ಟಣದ ಹೊರಗೆ ಓಡಿಸಿದರೆ ವಿಮೆ ಅನ್ವಯಿಸುವುದಿಲ್ಲ ಎಂಬ ಷರತ್ತು ಇರುತ್ತದೆ. ಕಾರು ಪಡೆಯುವಾಗಲೇ ಉಲುರು ಸೂರ್ಯಾಸ್ತಕ್ಕೆ ಹೋಗಿ ಯುಲಾರಾಗೆ ಮರಳುವುದಕ್ಕೆ ವಿನಾಯಿತಿ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಯುಲಾರಾದಿಂದ ಹೊರಡುವ ಸೂರ್ಯಾಸ್ತದ ಬಸ್ಸಿನಲ್ಲಿ ಸೀಟು ಕಾದಿರಿಸಿ.